ನೀಲವ್ವನದಲ್ಲದ ಹಾಡು

ನಿಮ್ಮಲ್ಲಿ ಎಷ್ಟೋ ಜನರ ಫೋನಿನಲ್ಲಿರುವ ಆ ಹಾಡು ನೀಲವ್ವನದಲ್ಲ. ತುತ್ತೂರಿ, ಸ್ಯಾಕ್ಸೊಫೋನುಗಳ ನಡುವೆ ಇಂಗ್ಲಿಷಿನಲ್ಲಿ ಹಾಡುವ ಆ ಹೆಣ್ಣುದನಿ ಬಬಲೇಶ್ವರದ್ದೂ ಅಲ್ಲ, ಟಿಕೋಟಾದ್ದೂ ಅಲ್ಲ. ಅದು ಯಾರದೆಂದು ನನಗೇ ಗೊತ್ತಿಲ್ಲ. ನೀಲವ್ವ ಹಾಡಿದ ಒಂದೇ ಒಂದು ರೆಕಾರ್ಡನ್ನು ನಾನು ಕೈಯಾರೆ ಹಾಳು ಮಾಡಿದೆ — ಅದನ್ನು ಮುಚ್ಚಿಡಲು ಬೇರೆ ಯಾರದೋ ಹಾಡನ್ನು ತಂದು, ಇದೇ ನಿಮ್ಮ ತಾಯಿಯದು ಎಂದು ಆಕೆಯ ಮಗಳ ಕೈಯಲ್ಲಿಟ್ಟೆ. ಹನ್ನೊಂದು ವರ್ಷ ಸುಮ್ಮನಿದ್ದೆ.

ಇಷ್ಟನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಸುತ್ತಿ ಬಳಸಿ ಹೇಳಹೊರಟರೆ ದಾರಿಯಲ್ಲೇ ಎಲ್ಲೋ ನುಣುಚಿಕೊಳ್ಳುತ್ತೇನೆ. ನನ್ನ ಗುಣ ನನಗೆ ಗೊತ್ತು.

ನೀಲವ್ವ ಯಾರೆಂದು ತಿಳಿಯದವರಿಗಾಗಿ ನಾಲ್ಕು ಮಾತು. ಆಕೆ ಹುಟ್ಟಿದ್ದು ಬಬಲೇಶ್ವರದಲ್ಲಿ. ತಂದೆ ಮುಂಬಯಿಯ ದೊಡ್ಡದೊಂದು ಹೋಟೆಲಿನಲ್ಲಿ ದರ್ಜಿ. ಅಲ್ಲಿ ನುಡಿಸುತ್ತಿದ್ದ ಗೋವಾದ ಬ್ಯಾಂಡಿನವರ ಕೋಟು ಹೊಲಿಯುವುದು ಅವರ ಕೆಲಸ. ತಾಯಿಯಿಲ್ಲದ ಹುಡುಗಿ ಆ ಹೊಲಿಗೆ ಕೋಣೆಯಲ್ಲೇ ಬೆಳೆದಳು, ಗೋಡೆಯಾಚೆ ಬ್ಯಾಂಡಿನ ತಾಲೀಮು. ಹತ್ತು ಹನ್ನೆರಡು ವಾದ್ಯಗಳು ಒಟ್ಟಿಗೆ ಎದ್ದು, ಕೂತವರ ಕಾಲು ತಾವಾಗಿಯೇ ತಾಳ ಹಾಕುವಂತೆ ಮಾಡುವ ಅಮೆರಿಕದ ಸ್ವಿಂಗ್ ಸಂಗೀತ ಆಗ ಅಲ್ಲಿಗೂ ಬಂದಿತ್ತು. ಯುದ್ಧದ ಕಾಲ. ಒಂದು ದಿನ ಹಾಡುವಾಕೆ ಬರಲಿಲ್ಲ. ಗೋಡೆಯಾಚೆಯಿಂದ ಎಲ್ಲ ಹಾಡು ಕಲಿತಿದ್ದ ದರ್ಜಿಯ ಮಗಳನ್ನು ತಂದು ನಿಲ್ಲಿಸಿದರು. ಎರಡು ವರ್ಷ ಹಾಡಿದಳು. ಒಂದು ರೆಕಾರ್ಡೂ ಬಂತು, 'ಮಿಸ್ ನೀಲಾ' ಎಂಬ ಹೆಸರಿನಲ್ಲಿ. ಯುದ್ಧ ಮುಗಿಯಿತು, ಬ್ಯಾಂಡು ಚದುರಿತು, ಸೋದರಮಾವ ಹೋಗಿ ಕರೆತಂದು ಟಿಕೋಟಾಕ್ಕೆ ಮದುವೆ ಮಾಡಿಕೊಟ್ಟ. ಆಮೇಲೆ ಹೊಲ, ದನ, ರೊಟ್ಟಿ. ಎಂಬತ್ತು ದಾಟಿ ತೀರಿಕೊಂಡಳು. ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಆ ರೆಕಾರ್ಡಿನ ಒಂದು ಪ್ರತಿ ಉಳಿದಿತ್ತು. ಬೇರೆ ಪ್ರತಿ ಇದುವರೆಗೆ ಎಲ್ಲೂ ಸಿಕ್ಕಿಲ್ಲ.

ನಾನು ವಿಜಯಪುರದ ಜೋರಾಪುರ ಪೇಟೆಯವನು. ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸಹಾಯಕನಾಗಿದ್ದೆ. ಮಸೂರಗಳನ್ನು, ಪಟ್ಟಕಗಳನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿಡುವುದು, ಹುಡುಗರು ಒಡೆದದ್ದಕ್ಕೆ ಬೈಯುವುದು — ಇವೆರಡೇ ನನ್ನ ಮುಖ್ಯ ಕೆಲಸ. ಮನೆಯಲ್ಲಿ ಹಳೆಯ ರೆಕಾರ್ಡುಗಳ ಹುಚ್ಚು. ಯಾರಾದರೂ ಅಜ್ಜನ ಕಾಲದ ಭಜನೆ, ನಾಟಕದ ಹಾಡು ತಂದುಕೊಟ್ಟರೆ ತೊಳೆದು, ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಡುತ್ತಿದ್ದೆ. ಊರಲ್ಲಿ ಸ್ವಲ್ಪ ಹೆಸರು ಬಂತು. ಹೆಸರಿಗಿಂತ ಜಾಸ್ತಿ ಸೊಕ್ಕು ಬಂತು.

ನಾನು ನಿವೃತ್ತನಾದ ವರ್ಷ ಕಸ್ತೂರಕ್ಕ ಬಂದರು. ನೀಲವ್ವನ ಒಬ್ಬಳೇ ಮಗಳು, ಟಿಕೋಟಾದಲ್ಲಿ ಶಾಲಾ ಶಿಕ್ಷಕಿಯಾಗಿ ನಿವೃತ್ತರಾದವರು. ಇಳಕಲ್ ಸೀರೆಯಲ್ಲಿ ಸುತ್ತಿದ ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಚಹಾ ಬಂದರೂ ಕೈ ತೆಗೆಯಲಿಲ್ಲ.

"ನಾ ಆರನೇತ್ತ ಇದ್ದೆನ್ರಿ," ಎಂದರು. "ಒಬ್ಬಾಕಿ ಹುಡುಗಿ ಸಾಲ್ಯಾಗ ಎಲ್ಲಾರ ಮುಂದ ಅಂದ್ಲು, ನಿಮ್ಮವ್ವ ಹೋಟೆಲ್‌ನ್ಯಾಗ ಸೋಲ್ಜರ್‌ಗೋಳ ಮುಂದ ಹಾಡಾಕಿ ಅಂತ. ಮನಿಗಿ ಬಂದೆ. ಅವ್ವ ಬೀಸಾಕತ್ತಿದ್ಲು, ಸಣ್ಣಗ ಏನೋ ಗುನುಗಾಕತ್ತಿದ್ಲು. ನಾ ಅಂದೆ — ನಿನ್ನ ಹಾಡು ಇನ್ನ ನನ್ನ ಕಿವಿಗಿ ಬೀಳಬಾರ್ದು ಅಂತ. ಅಕಿ ಬೀಸೂ ಕಲ್ಲ ನಿಲ್ಲಿಸಿದ್ಲು. ಅವತ್ತಿನಿಂದ ಸಾಯೂತನಕ ಒಂದ ಹಾಡ ಅನ್ನಲಿಲ್ರಿ. ನನ್ನ ಮಕ್ಕಳ ತೊಟ್ಲಾ ತೂಗೂಮುಂದ ಬರೇ ತುಟಿ ಅಳ್ಳಾಡಸ್ತಿದ್ಲು."

ಆಮೇಲೆ ರೆಕಾರ್ಡನ್ನು ನನ್ನ ಕೈಗೆ ಕೊಟ್ಟರು. "ಒಮ್ಮಿ ಕೇಳಿದ್ರ ಸಾಕ್ರಿ ಸರ. ಅಕಿ ಸತ್ತ ಮ್ಯಾಲರೆ ನಾ ಕೇಳೇನಿ ಅಂತ ಆಗಬೇಕು."

ಅವರು ನನಗೆ ಕೊಟ್ಟದ್ದು ಏನೆಂಬುದರಲ್ಲಿ ನನಗೆ ಯಾವ ಗೊಂದಲವೂ ಇರಲಿಲ್ಲ. ತಿಳಿಯದೇ ಮಾಡಿದೆ ಎನ್ನುವ ಹಾಗಿಲ್ಲ.

ನನ್ನದೊಂದು ಪದ್ಧತಿ ಇತ್ತು. ಮೊದಲು ಹಾಗೆಯೇ ಒಮ್ಮೆ ನುಡಿಸಿ ಯಾವ ಸೂಜಿ ಬೇಕೆಂದು ನೋಡುವುದು, ನಂತರ ತೊಳೆಯುವುದು, ಆಮೇಲೆಯೇ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಕೊಳೆಯಾದದ್ದನ್ನು ಇಳಿಸಿಕೊಂಡರೆ ನನ್ನ ಮರ್ಯಾದೆ ಏನಾಗಬೇಕು? ಹಾಗಾಗಿ ಅಂದು ಮಧ್ಯಾಹ್ನ ಊಟ ಮುಗಿಸಿ, ರೆಕಾರ್ಡನ್ನು ಯಂತ್ರದ ಮೇಲಿಟ್ಟು, ಏನನ್ನೂ ಇಳಿಸಿಕೊಳ್ಳದೆ, ಸೂಜಿ ಇಟ್ಟೆ.

ಮೊದಲು ಬರೀ ಚಟಪಟ — ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಅದರ ಹಿಂದೆ ತುತ್ತೂರಿಗಳು. ಆಮೇಲೆ ಆಕೆ. ತಗ್ಗಿದ ದನಿ, ಅಂಚಿನಲ್ಲಿ ಸ್ವಲ್ಪ ಒರಟು. ಇಂಗ್ಲಿಷ್ ಪದಗಳನ್ನು ನಮ್ಮವರು ಅನ್ನುವ ಹಾಗೆಯೇ ಒತ್ತಿ ಅನ್ನುತ್ತಿದ್ದಳು, ಅದಕ್ಕೆ ನಾಚಿಕೆಯೇ ಇರಲಿಲ್ಲ ಆಕೆಗೆ. ಎರಡನೆಯ ಚರಣ ಮುಗಿದು ವಾದ್ಯಗಳೆಲ್ಲ ಒಮ್ಮೆಲೇ ಮೇಲೆದ್ದವು, ಆ ಗದ್ದಲದ ನಡುವೆ ನೀಲವ್ವ ಬ್ಯಾಂಡಿನವರ ಕಡೆ ತಿರುಗಿ ಕೂಗಿದಳು: "ಬಾರಸ್ರೀ!"

ಕನ್ನಡದಲ್ಲಿ. ಮುಂಬಯಿಯ ಹೋಟೆಲಿನಲ್ಲಿ, ಇಂಗ್ಲಿಷ್ ಹಾಡಿನ ನಡುವೆ, ಗೋವಾದ ವಾದ್ಯದವರಿಗೆ — ಬಾರಸ್ರೀ! ಅವರಿಗೆ ಅರ್ಥವಾಯಿತೋ ಇಲ್ಲವೋ, ಬಾರಿಸಿದರಂತೂ ಬಾರಿಸಿದರು. ನಾನು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ. ಕಸ್ತೂರಕ್ಕ ಇದನ್ನು ಕೇಳಿದರೆ ಏನಾಗುತ್ತಾರೋ ಎಂದು ಸಂತೋಷದಿಂದ ಎದ್ದು ಹೋಗಿ ಹತ್ತಿ ತಂದೆ.

ಇಂಥ ಹಳೆಯ ರೆಕಾರ್ಡನ್ನು ನೀರಿನಲ್ಲಿ ಎರಡು ಹನಿ ಸಾಬೂನು ಹಾಕಿ ಒರೆಸಬೇಕು. ನನಗೆ ಗೊತ್ತಿತ್ತು. ಆದರೆ ಅದಕ್ಕೆ ಸೀರೆಯ ಬಣ್ಣ, ಡಾಂಬರು ಗುಳಿಗೆಯ ಜಿಡ್ಡು ಹತ್ತಿತ್ತು, ನೀರಿಗೆ ಬಿಡಲಿಲ್ಲ. ಮೇಜಿನ ಮೇಲೆ ಸ್ಪಿರಿಟ್ ಬಾಟಲಿ ಇತ್ತು. ಮೂವತ್ತು ವರ್ಷ ಜಿಡ್ಡು ಕಂಡಲ್ಲಿ ಸ್ಪಿರಿಟ್ಟಿಗೆ ಹೋದ ಕೈ ಅಂದೂ ಹೋಯಿತು. ಹತ್ತಿ ಕಪ್ಪಾಯಿತು. ಎಷ್ಟು ಕೊಳೆ ಇದೆ ನೋಡು ಎಂದುಕೊಂಡು ಇನ್ನೂ ಒತ್ತಿ ಒರೆಸಿದೆ. ಮತ್ತೆ ಕಪ್ಪಾಯಿತು. ಖುಷಿಯಾಯಿತು ನನಗೆ. ತಿರುಗಿಸಿ ಎರಡನೆಯ ಬದಿಯನ್ನೂ ಒರೆಸಿದೆ.

ಆಗ ಆ ವಾಸನೆ ಬಂತು.

ನಮ್ಮಪ್ಪ ಪಾಲಿಶ್ ಕೆಲಸದವ. ಪೇಟೆಯ ಹಳೆಯ ಮನೆಗಳ ಬಾಗಿಲು, ಸಂದೂಕು, ತೊಟ್ಟಿಲುಗಳಿಗೆಲ್ಲ ಅವನದೇ ಕೈ. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಹಾಕಿ ಬಿಸಿಲಿಗೆ ಇಡುತ್ತಿದ್ದ. ಸಂಜೆಯೊಳಗೆ ಅರಗು ಕರಗಿ ಪಾಲಿಶ್ ಆಗುತ್ತಿತ್ತು. ಆ ಬಾಟಲಿಯ ವಾಸನೆಯಲ್ಲೇ ನಾನು ಬೆಳೆದದ್ದು. ಈಗ ಅದೇ ವಾಸನೆ ನನ್ನ ಮೇಜಿನ ಮೇಲಿನಿಂದ ಏಳುತ್ತಿತ್ತು. ಹಳೆಯ ರೆಕಾರ್ಡುಗಳು ಅರಗಿನವು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಇದು ವಿಜಯಪುರದಲ್ಲಿ ಯಾರಿಗೆ ಗೊತ್ತಿರದಿದ್ದರೂ ಪಾಲಿಶ್‌ನವನ ಮಗನಿಗೆ ಗೊತ್ತಿರಬೇಕಿತ್ತು — ಗೊತ್ತಿತ್ತು! ಹತ್ತಿಗೆ ಬಂದದ್ದು ಕೊಳೆಯಲ್ಲ. ನೀಲವ್ವನ ದನಿ ಇದ್ದ ಗೆರೆಗಳೇ ಕರಗಿ ಬಂದಿದ್ದವು.

ಒಣಗಿದ ಮೇಲೆ ನುಡಿಸಿ ನೋಡಿದೆ. ಸುಂಯ್ ಎನ್ನುವ ಸದ್ದು, ಅಷ್ಟೇ. ಎರಡನೆಯ ಬದಿಯನ್ನು ನಾನು ಒರೆಸುವ ಮುಂಚೆ ಕೇಳಿಯೇ ಇರಲಿಲ್ಲ. ಅದರಲ್ಲಿ ಏನಿತ್ತೋ, ಯಾರಿಗೂ ಗೊತ್ತಿಲ್ಲ — ಇನ್ನು ಗೊತ್ತಾಗುವುದೂ ಇಲ್ಲ.

ಇಲ್ಲಿಯವರೆಗಿನದು ತಪ್ಪು. ತಪ್ಪು ಯಾರಿಂದಲೂ ಆಗುತ್ತದೆ, ಕಸ್ತೂರಕ್ಕನ ಕಾಲು ಹಿಡಿದು ಹೇಳಿದ್ದರೆ ಅವರು ಅಳುತ್ತಿದ್ದರು, ಬೈಯುತ್ತಿದ್ದರು. ನಾನು ಹೇಳಬೇಕೆಂದೇ ನಿರ್ಧರಿಸಿದ್ದೆ, ಆದರೆ ಅವರ ಮುಖ ನೋಡಿ ಬಾಯಿ ಬರಲಿಲ್ಲ — ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದುಹಾಕಿದೆ. ಸುಳ್ಳು ಅದು. ಅವರು ಬರುವ ಹಿಂದಿನ ದಿನವೇ ಆ ಇನ್ನೊಂದು ಹಾಡನ್ನು ಸಿದ್ಧ ಮಾಡಿ ಇಟ್ಟಿದ್ದೆ.

ಸೊಲ್ಲಾಪುರದ ಹಳೆಯ ಸಾಮಾನಿನ ಬಜಾರಿನಿಂದ ತಂದ ರೆಕಾರ್ಡುಗಳ ಗಂಟೊಂದು ನನ್ನಲ್ಲಿತ್ತು. ಅದರಲ್ಲಿ ಅದೇ ಕಾಲದ, ಅದೇ ಬಗೆಯ ಬ್ಯಾಂಡಿನ ಜೊತೆ ಹಾಡಿದ ಒಬ್ಬ ಹೆಣ್ಣುಮಗಳ ಹಾಡು. ಮೇಲಿನ ಚೀಟಿ ನೀರು ಬಿದ್ದು ಉದುರಿಹೋಗಿತ್ತು, ಹೆಸರಿಲ್ಲ. ನೀಲವ್ವನ ರೆಕಾರ್ಡಿನ ಚೀಟಿಯಲ್ಲೂ ಹಾಡಿನ ಹೆಸರಿದ್ದ ಜಾಗವನ್ನು ಹುಳ ತಿಂದಿತ್ತು. ಎರಡೂ ನನಗೆ ಅನುಕೂಲವಾಗಿ ಒದಗಿ ಬಂದವು. ಹಾಡನ್ನು ಇಳಿಸಿಕೊಂಡೆ, ಮೇಲೆ ಇನ್ನಷ್ಟು ಚಟಪಟ ಸೇರಿಸಿದೆ — ಹೌದು, ಅದನ್ನೂ ಮಾಡಿದೆ. ಇದನ್ನೆಲ್ಲ ಮಾಡುವಾಗ ನನಗೆ ಹೆದರಿಕೆ ಇತ್ತೇ ಹೊರತು ನಾಚಿಕೆ ಇರಲಿಲ್ಲ. ನಾಚಿಕೆ ಆಮೇಲೆ ಬಂತು.

ಕಸ್ತೂರಕ್ಕ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದರು. ಹಾಡು ಹಚ್ಚಿದೆ. ಅವರು ಕಣ್ಣು ಮುಚ್ಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದರು. ನಡುವೆ ಒಮ್ಮೆ ನನ್ನ ಕೈ ಹಿಡಿದರು.

"ಇಲ್ಲಿ ನೋಡ್ರಿ — ಇಲ್ಲಿ ಉಸರ ತಗೊಂಡಾಳ! ರೊಟ್ಟಿ ಬಡಿಯೂಮುಂದ ಅವ್ವ ಹಿಂಗ ಉಸರ ತಗೋತಿದ್ಲು. ಅಕಿನ ಇದು. ಹೌದಲ್ರಿ ಸರ?"

ನಾನು ತಲೆ ಆಡಿಸಿದೆ. ಬಾಯಿಬಿಟ್ಟು ಹೌದೆನ್ನಲಿಲ್ಲ. ಬರೀ ತಲೆ ಆಡಿಸಿದ್ದೇನೆ, ಸುಳ್ಳು ಹೇಳಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಎಂಥ ಮನುಷ್ಯ ನೋಡಿ.

ಹಾಳಾದ ರೆಕಾರ್ಡನ್ನು ದಪ್ಪ ಕಾಗದದಲ್ಲಿ ಸುತ್ತಿ, ಅಂಟು ಹಚ್ಚಿ ಕೊಟ್ಟೆ. ಇದನ್ನು ಬಿಚ್ಚಬೇಡಿ, ಗಾಳಿ ಬಡಿದರೆ ಕೆಡುತ್ತದೆ ಎಂದೆ. ಅವರು ಶಿಕ್ಷಕಿ, ಹೇಳಿದ್ದನ್ನು ಹೇಳಿದಂತೆ ಪಾಲಿಸುವವರು. ಟ್ರಂಕಿನಲ್ಲಿಟ್ಟರು. ಪ್ರತಿ ವರ್ಷ ತಾಯಿಯ ಪುಣ್ಯತಿಥಿಗೆ ಹೊರತೆಗೆದು, ಸುತ್ತಿದ ಕಾಗದದ ಮೇಲೇ ವಿಭೂತಿ ಹಚ್ಚಿ, ಫೋನಿನಲ್ಲಿ ಹಾಡು ಹಚ್ಚಿ, ಮತ್ತೆ ಒಳಗಿಡುತ್ತಿದ್ದರಂತೆ.

ಹಾಡು ಹರಡಿತು. ಕಸ್ತೂರಕ್ಕ ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಕಳಿಸಿದರು, ಅವರು ಊರಿಗೆಲ್ಲ ಕಳಿಸಿದರು. ಯಾರೋ ನೀಲವ್ವನ ಫೋಟೋ ಕೂಡಿಸಿದರು. ಹೋಟೆಲಿನಲ್ಲಿ ಹಾಡಿದಾಕೆ ಎಂದು ಮೂಗು ಮುರಿದಿದ್ದ ಮನೆಗಳ ಮೊಮ್ಮಕ್ಕಳು ಈಗ, ನಮ್ಮೂರಾಕಿ ಎಂದು ಹೆಮ್ಮೆಪಟ್ಟರು. ಟಿಕೋಟಾದಲ್ಲಿ ನನ್ನನ್ನು ಕರೆದು ಶಾಲು ಹೊದಿಸಿದರು. ದನಿ ಉಳಿಸಿದವರು ಎಂದರು! ಆ ಶಾಲನ್ನು ನನ್ನ ಹೆಂಡತಿ ಚಳಿಗಾಲದಲ್ಲಿ ಹೊದೆಯುತ್ತಾಳೆ. ಅವಳಿಗೂ ನಾನು ಹೇಳಿರಲಿಲ್ಲ. ಈ ಬರಹವನ್ನು ಮೊದಲು ಓದಲು ಕೊಟ್ಟದ್ದು ಅವಳಿಗೇ. ಓದಿ, ಶಾಲನ್ನು ಮಡಚಿ ನನ್ನ ಮೇಜಿನ ಮೇಲೆ ಇಟ್ಟುಹೋದಳು.

ಇಷ್ಟು ವರ್ಷ ದಕ್ಕಿಸಿಕೊಂಡೆ. ದಕ್ಕುತ್ತಿತ್ತೇನೋ ಇನ್ನೂ — ಕಳೆದ ವಾರ ಕಸ್ತೂರಕ್ಕನ ಫೋನ್ ಬರದಿದ್ದರೆ.

"ಸರ, ಅವ್ವ ಹುಟ್ಟಿ ನೂರು ವರ್ಷ ಆತು. ಬಬಲೇಶ್ವರದ ಹೆಣ್ಣಮಕ್ಕಳು ಕಾರ್ಯಕ್ರಮ ಇಟ್ಕೊಂಡಾರ, ಐತವಾರ. ಫೋನಿನ್ಯಾಗಿನ ಹಾಡು ಎಲ್ಲಾರೂ ಕೇಳ್ಯಾರ. ಅವತ್ತ ಅಸಲಿ ಪ್ಲೇಟ ಹಚ್ಚೂಣು ಅಂತ. ನೀವು ನಿಮ್ಮ ಮಶೀನ ತಗೊಂಡ ಬರ್ರಿ. ಒಂದ ಸಲ ಹಚ್ಚಿದ್ರ ಏನ ಕೆಡೂದಿಲ್ಲಲ್ರಿ?"

"ಇಲ್ರಿ," ಎಂದೆ. ಕೆಡಲು ಅದರಲ್ಲಿ ಏನು ಉಳಿದಿತ್ತು?

ನಾಲ್ಕು ದಿನ ಇತ್ತು. ಮೊದಲನೆಯ ದಿನ ಜ್ವರ ಬಂದಿದೆ ಎನ್ನೋಣವೆಂದುಕೊಂಡೆ. ಬೇರೆ ಯಾರಾದರೂ ಯಂತ್ರ ತಂದು ಹಚ್ಚಿಬಿಟ್ಟರೆ? ಎರಡನೆಯ ದಿನ ಉಪಾಯ ಹೊಳೆಯಿತು. ಅರಗಿನ ರೆಕಾರ್ಡು ಗಾಜಿನಷ್ಟೇ ಸೂಕ್ಷ್ಮ. ಕಾರ್ಯಕ್ರಮಕ್ಕೆ ಮೊದಲು ಒಮ್ಮೆ ನೋಡುತ್ತೇನೆಂದು ಟಿಕೋಟಾಕ್ಕೆ ಹೋಗುವುದು, ಕೈಗೆ ತೆಗೆದುಕೊಳ್ಳುವುದು, ವಯಸ್ಸಾದ ಕೈ — ಜಾರಿತು. ಅಯ್ಯೋ ಎನ್ನುವುದು. ಅವರೇ ನನಗೆ ಸಮಾಧಾನ ಹೇಳುತ್ತಾರೆ. ಫೋನಿನಲ್ಲಿ ಹಾಡು ಉಳಿದೇ ಇದೆಯಲ್ಲ!

ಸುಮ್ಮನೆ ಯೋಚಿಸಿ ಬಿಡಲಿಲ್ಲ ನಾನು. ಕೆಲಸಕ್ಕೆ ಬಾರದ ಒಂದು ರೆಕಾರ್ಡನ್ನು ಪಡಸಾಲೆಯ ಫರಸಿಯ ಮೇಲೆ ಎದೆಯೆತ್ತರದಿಂದ ಬಿಟ್ಟು ನೋಡಿದೆ. ಐದು ಚೂರಾಯಿತು. ಪ್ರಯೋಗಾಲಯದವನಲ್ಲವೇ, ಪ್ರಯೋಗ ಮಾಡದೆ ಬಿಡುತ್ತೇನೆಯೇ? ಚೂರುಗಳನ್ನು ಹೆಂಡತಿ ನೋಡುವ ಮೊದಲೇ ಬಳಿದು ಹಾಕಿದೆ. ಮರುದಿನ ಬಸ್ಸು ಹತ್ತಿದೆ.

ಟಿಕೋಟಾದ ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳಲ್ಲಿ ಔಷಧ ಹೊಡೆಯುತ್ತಿದ್ದರು. ಕಿಟಕಿಯ ಪಕ್ಕ ಕೂತು ನಾನು ಬೆರಳುಗಳನ್ನು ಹೇಗೆ ಸಡಿಲ ಬಿಡಬೇಕೆಂದು ಲೆಕ್ಕ ಹಾಕುತ್ತಿದ್ದೆ.

ಕಸ್ತೂರಕ್ಕ ಟ್ರಂಕು ತೆರೆದೇ ಕೂತಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೆಲ ಶಹಾಬಾದಿ ಕಲ್ಲಿನದು — ಅದನ್ನೇ ಮೊದಲು ನೋಡಿದೆ. ಅವರು ಕಾಗದದ ಗಂಟನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟರು. "ನೀವ ಬಿಚ್ಚರಿ. ನನಗ ಹೆದರಿಕಿ ಆಗತೈತಿ."

ಬಿಚ್ಚಿದೆ. ನನ್ನ ತಪ್ಪು ಹೊಳಪಿಲ್ಲದೆ, ಬೂದಿ ಬಣ್ಣದ ಚುಕ್ಕೆಗಳೊಂದಿಗೆ, ಹನ್ನೊಂದು ವರ್ಷದ ಮೇಲೆ ನನ್ನೆದುರಿಗೆ ಬಂತು. ಅವರಿಗೆ ಅದು ಕಾಣುವ ಮೊದಲೇ ಎದ್ದು ನಿಂತೆ, ಬೆಳಕಿಗೆ ಹಿಡಿದು ನೋಡುವವನಂತೆ ಎದೆಯೆತ್ತರಕ್ಕೆ ಎತ್ತಿದೆ. ಬೆರಳು ಸಡಿಲ ಮಾಡಿದೆ. ನಿಜವಾಗಿ ಮಾಡಿದೆ.

ಕಸ್ತೂರಕ್ಕ ಥಟ್ಟನೆ ಎರಡೂ ಕೈಗಳನ್ನು ರೆಕಾರ್ಡಿನ ಕೆಳಗೆ ಒಡ್ಡಿದರು. ನಡೆಯಲು ಕಲಿಯುವ ಕೂಸಿನ ಹಿಂದೆ ಒಡ್ಡುತ್ತಾರಲ್ಲ, ಹಾಗೆ. ಮುಟ್ಟಲಿಲ್ಲ, ಕಸಿಯಲಿಲ್ಲ, ಬರೀ ಒಡ್ಡಿ ನಿಂತರು.

"ಹುಷಾರ ಸರ. ನಮ್ಮವ್ವ ಅದಾಳ ಅದರಾಗ."

ನನಗೆ ಆಗಲಿಲ್ಲ. ರೆಕಾರ್ಡನ್ನು ಅವರ ಕೈಗಳ ಮೇಲೆ ಇಟ್ಟೆ, ನೆಲದ ಮೇಲೆ ಕೂತೆ. "ಇಲ್ರಿ," ಎಂದೆ. "ಅದರಾಗ ಇಲ್ಲ ಅಕಿ. ನಾ ಅಳಿಸಿಬಿಟ್ಟೇನ್ರಿ ಅಕಿನ್ನ." ಆಮೇಲೆ ಎಲ್ಲ ಹೇಳಿದೆ. ಸ್ಪಿರಿಟ್ಟು, ಅಪ್ಪನ ಬಾಟಲಿ, ಸೊಲ್ಲಾಪುರದ ಗಂಟು, ತಲೆ ಆಡಿಸಿದ್ದು. ಈಗಷ್ಟೇ ಬೀಳಿಸಬೇಕೆಂದಿದ್ದೆ ಎಂಬುದನ್ನೂ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ರೆಕಾರ್ಡನ್ನು ನೋಡುತ್ತಲೇ ಕೇಳಿದರು:

"ಹಂಗಾದ್ರ ಹನ್ನೊಂದು ವರ್ಷ ನಾ ಯಾರ ಮುಂದ ತಪ್ಪಾತು ಅಂತ ಅತ್ತೇನ್ರಿ?"

ಈ ಪ್ರಶ್ನೆಯನ್ನು ಹಾಗೆಯೇ ಇಲ್ಲಿ ಬರೆದಿಡುತ್ತೇನೆ.

ಆಮೇಲೆ ಅವರ ದನಿ ಬದಲಾಯಿತು, ಶಿಕ್ಷಕಿಯ ದನಿಯಾಯಿತು. "ನೀವು ಕೇಳೀರಿ. ಈ ಭೂಮಿ ಮ್ಯಾಲ ನೀವೊಬ್ಬರ ಕೇಳೀರಿ. ಹೇಳ್ರಿ, ಹೆಂಗಿತ್ತು?"

ಹೇಳಿದೆ. ತಗ್ಗಿದ ದನಿ, ಅಂಚಿನ ಒರಟು, ಇಂಗ್ಲಿಷನ್ನು ನಮ್ಮಂತೆಯೇ ಒತ್ತಿ ಅನ್ನುವುದು. ಹೇಳುತ್ತ ಹೋದಂತೆ ನನಗೇ ಅನುಮಾನ — ನಿಜಕ್ಕೂ ಇದು ನೆನಪೇ, ಅಥವಾ ಹನ್ನೊಂದು ವರ್ಷದಲ್ಲಿ ನಾನು ಹೆಣೆದುಕೊಂಡದ್ದೇ? ಕೊನೆಗೆ ಅದನ್ನು ಹೇಳಿದೆ. ವಾದ್ಯಗಳು ಮೇಲೆದ್ದಾಗ ಆಕೆ ಕನ್ನಡದಲ್ಲಿ ಒಂದು ಮಾತು ಕೂಗಿದಳು ಎಂದೆ.

"ಏನಂದ್ಲು?"

"ಬಾರಸ್ರಿ," ಎಂದೆ.

"ಹೆಂಗ ಅಂದ್ಲು? ಅಕಿ ಅಂದಂಗ ಅನ್ರಿ."

ಎಪ್ಪತ್ತರ ಮುದುಕ ನಾನು, ಆ ಪಡಸಾಲೆಯಲ್ಲಿ ಕೂತು, ಸೀಳಿದ ಗಂಟಲಿನಿಂದ ಕೂಗಿದೆ. ಅವರು ತಲೆ ಅಲ್ಲಾಡಿಸಿದರು.

"ಹಂಗಲ್ಲ. ಅವ್ವ ಹಂಗ ಅನ್ನಾಕಿ ಅಲ್ಲ. ರಾಶಿ ಮಾಡೂಮುಂದ ಗಾಳಿ ಬೀಸಿತಂದ್ರ ಆಳುಗೋಳಿಗೆ ಅಂತಿದ್ಲು —" ಕಸ್ತೂರಕ್ಕ ಕತ್ತು ಎತ್ತಿದರು, ಹೊಟ್ಟೆಯಿಂದ ಕೂಗಿದರು: "ತೂರ್ರೀ!" ಒಂದು ಕ್ಷಣ ತಡೆದು, ಅದೇ ಏರಿನಲ್ಲಿ, ಅದೇ ಒರಟಿನಲ್ಲಿ: "ಬಾರಸ್ರೀ!"

ಅದೇ. ಅಕ್ಷರಶಃ ಅದೇ. ಆ ಮಧ್ಯಾಹ್ನ ಚಟಪಟದ ಹಿಂದಿನಿಂದ ಎದ್ದು ಬಂದ ದನಿ ಈ ಹೆಣ್ಣುಮಗಳ ಗಂಟಲಲ್ಲಿ ಇದ್ದೇ ಇತ್ತು. "ಇದ್ರಿ! ಇದ ದನಿ, ಇದ ಕೂಗು!" ಎಂದು ನಾನು ಚೀರಿದೆ.

ಕಸ್ತೂರಕ್ಕನ ಮುಖ ಅರಳಿತು — ಅರಳಿದ್ದನ್ನು ನೋಡಿದೆ — ಮರುಕ್ಷಣ ಮುಚ್ಚಿಕೊಂಡಿತು. ನನ್ನನ್ನೇ ದಿಟ್ಟಿಸಿದರು.

"ಇದರೆ ಖರೇ ಹೇಳಾಕತ್ತೀರೋ? ಏನ ಮತ್ತ ನನ್ನ ಸಮಾಧಾನಕ್ಕ ತಲಿ ಆಡಸಾಕತ್ತೀರೋ?"

ಖರೇ ಎಂದೆ. ಆಣೆ ಮಾಡಿದೆ. ಅವರ ಕಣ್ಣಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತು ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಅವರಿಗೆ ಕೊಡಲು ನನ್ನಲ್ಲಿ ಉಳಿದಿದ್ದ ಒಂದೇ ಒಂದು ನಿಜ ಅದು. ಅದನ್ನು ನಂಬಲು ಬಾರದಂತೆ ನಾನೇ ಮಾಡಿಟ್ಟಿದ್ದೆ. ರೆಕಾರ್ಡನ್ನು ಅಳಿಸಿದ್ದಕ್ಕಿಂತ ದೊಡ್ಡದು ಇದು ಎಂದು ನನಗೆ ತಿಳಿದದ್ದು ಆ ಹೊತ್ತಿನಲ್ಲಿ.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಬರೀರಿ. ಯಾರ್ಯಾರ ಫೋನಿನ್ಯಾಗ ಆ ಹಾಡ ಐತಿ, ಅವ್ರಿಗೆಲ್ಲಾ ಮುಟ್ಟಬೇಕು. ಐತವಾರ ಬಬಲೇಶ್ವರದಾಗ ನೀವ ನಿಂತು ಓದಬೇಕು. ಮಶೀನ ತರಬ್ಯಾಡ್ರಿ."

ಹಾಗಾಗಿ ಬರೆದಿದ್ದೇನೆ. ಹಾಗಾಗಿ ಇಂದು ನಿಮ್ಮೆದುರು ನಿಂತು ಓದುತ್ತಿದ್ದೇನೆ. ಮಡಚಿದ ಶಾಲನ್ನು ವಾಪಸು ತಂದಿದ್ದೇನೆ, ಟಿಕೋಟಾದವರು ಬಂದಿದ್ದರೆ ತೆಗೆದುಕೊಳ್ಳಲಿ. ನಿಮ್ಮ ಫೋನಿನಲ್ಲಿರುವ ಹಾಡಿನ ಮೇಲಿಂದ ನೀಲವ್ವನ ಹೆಸರನ್ನೂ ಫೋಟೋವನ್ನೂ ತೆಗೆದುಬಿಡಿ. ಹಾಡಿದ ಆ ಇನ್ನೊಬ್ಬ ಹೆಣ್ಣುಮಗಳೂ ಯಾರದೋ ತಾಯಿಯಿರಬೇಕು. ಆಕೆಯ ಹೆಸರನ್ನೂ ನಾನು ನುಂಗಿದ್ದೇನೆ. ಅದನ್ನು ಹುಡುಕುವುದು ನನ್ನ ಕೆಲಸ, ಹುಡುಕುತ್ತೇನೆ.

ಮೇಜಿನ ಮೇಲೆ ಫೋಟೋದ ಪಕ್ಕದಲ್ಲಿ ಇರುವುದು ಆ ರೆಕಾರ್ಡು. ಹತ್ತಿರ ಬಂದು ನೋಡಿ. ಅದರಲ್ಲಿ ಏನೂ ಇಲ್ಲ.

ಕಸ್ತೂರಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ತಾಯಿಯ ಕೂಗು ಅವರ ಗಂಟಲಲ್ಲಿ ಇದೆ ಎಂದು ನಾನು ಹೇಳುತ್ತೇನೆ. ನನ್ನ ಮಾತನ್ನು ನೀವು ನಂಬಬೇಕಾಗಿಲ್ಲ. ಅವರು ಎದ್ದು ಕೂಗಿದರೆ ಕೇಳಿ. ಕೂಗದೆ ಹಾಗೆಯೇ ಎದ್ದು ಮನೆಗೆ ಹೋದರೆ, ನೀಲವ್ವ ಹುಟ್ಟಿದ ಈ ಊರಿಗೆ ಆಕೆಯ ದನಿ ಕೇಳದೇ ಹೋದದ್ದು ನನ್ನಿಂದ.